ಕಲಾವಿದನ ಮನೆತನ

ಒಬ್ಬ ಕಲಾವಿದನ ಹೆಸರು ಮೊದಲ ಬಾರಿಗೆ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ‘ಅವರು ಯಾವ ಕಡೆಯವರು?’ ಎಂಬುದು. ಹಾಡು ಹೇಗಿತ್ತು, ಚಿತ್ರದಲ್ಲಿ ಏನಿತ್ತು ಎಂಬ ವಿಚಾರ ಆಮೇಲಿನದು. ಊರು ಯಾವುದು, ಮನೆಯಲ್ಲಿ ಆಡುವ ಮಾತು ಯಾವುದು, ತಂದೆತಾಯಿಗಳು ಯಾರು ಎಂಬುದು ತಿಳಿದ ಮೇಲೆಯೇ ನಮಗೆ ಸಮಾಧಾನ. ಈ ಕುತೂಹಲದಲ್ಲಿ ತಪ್ಪೇನೂ ಇಲ್ಲ. ಮರವನ್ನು ನೋಡಿದವರು ಬೇರನ್ನು ಕುರಿತು ಯೋಚಿಸುವುದು ಸಹಜ. ಆದರೆ ಉತ್ತರವು ಒಂದೇ ಮಾತಿನಲ್ಲಿ ದೊರೆಯಬೇಕೆಂದು ನಾವು ಹಟ ಹಿಡಿಯುತ್ತೇವೆ. ತೊಡಕು ಇರುವುದು ಅಲ್ಲಿ. ತಂದೆಯದು ಒಂದು ನಾಡು, ತಾಯಿಯದು ಇನ್ನೊಂದು, ಹುಟ್ಟಿದ ಊರು ಮೂರನೆಯದು, ಕಲಿತ ವಿದ್ಯೆ ನಾಲ್ಕನೆಯ ಸೀಮೆಯದು ಎಂದು ಯಾರಾದರೂ ಹೇಳಿದರೆ, ‘ಹಾಗಾದರೆ ಅವರು ಯಾರಿಗೂ ಸೇರಿದವರಲ್ಲ’ ಎಂದು ತೀರ್ಮಾನಿಸಿ ಕೈಬಿಡುತ್ತೇವೆ. ಬೆಂಗಳೂರಿನಲ್ಲಿ ಹುಟ್ಟಿ, ದಂಡುಪ್ರದೇಶದ ವಾತಾವರಣದಲ್ಲಿ ಬೆಳೆದು, ಲೋಕವಿಖ್ಯಾತರಾದ ಒಬ್ಬ ನರ್ತಕರನ್ನು ನಾವು ಹೀಗೆಯೇ ಕೈಬಿಟ್ಟಿದ್ದೇವೆ ಎಂದು ನನ್ನ ಭಾವನೆ. ಅವರ ಹೆಸರು ರಾಮಗೋಪಾಲ್.

ಅವರ ವಿಚಾರಕ್ಕೆ ಬರುವ ಮುನ್ನ ಆ ಪ್ರದೇಶದ ಮಾತು ಸ್ವಲ್ಪ. ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಬ್ರಿಟಿಷರು ತಮ್ಮ ಸೇನೆಯನ್ನು ಬೆಂಗಳೂರಿಗೆ ಸಾಗಿಸಿ, 1809ರಲ್ಲಿ ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದರು. ಸೇನೆ ಎಂದರೆ ಬರಿಯ ಸಿಪಾಯಿಗಳಲ್ಲ. ಅವರ ಬಟ್ಟೆ ಒಗೆಯುವವರು, ಅಡುಗೆಯವರು, ಕುದುರೆ ನೋಡುವವರು, ಕಲ್ಲುಕುಟಿಗರು, ದಿನಸಿ ವ್ಯಾಪಾರಿಗಳು, ಬಾಜಾಬಜಂತ್ರಿಯವರು ಎಲ್ಲರೂ ಹಿಂದೆಯೇ ಬಂದರು. ಆರ್ಕಾಟಿನ ಕಡೆಯ ತಮಿಳರು, ತೆಲುಗರು, ದಖನಿ ಉರ್ದುವನ್ನಾಡುವ ಮುಸಲ್ಮಾನರು, ಕಚ್ಛಿ ಮೆಮನ್ ವರ್ತಕರು, ಆಂಗ್ಲೋ-ಇಂಡಿಯನ್ನರು, ಮಂಗಳೂರು ಮತ್ತು ಗೋವೆಯ ಕೊಂಕಣಿ ಕ್ರೈಸ್ತರು ಇವರೆಲ್ಲ ನೂರು ನೂರೈವತ್ತು ವರ್ಷಗಳ ಅವಧಿಯಲ್ಲಿ ಇಲ್ಲಿ ಬೇರೂರಿದರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ದೊರೆತರೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಕಬ್ಬನ್ ಉದ್ಯಾನದ ಈಚೆಗೆ ಪೇಟೆ, ಆಚೆಗೆ ದಂಡು; ಒಂದೇ ಹೆಸರಿನ ಎರಡು ಊರುಗಳು. 1947ರಲ್ಲಿ ಆ ಭಾಗ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಒಂದು ನಗರಸಭೆಯ ಆಡಳಿತಕ್ಕೆ ಬಂದವು.

ಬೆರಕೆ ಬಂದುದು ದಂಡಿನಿಂದ ಮಾತ್ರ ಎಂದು ತಿಳಿಯುವುದೂ ಸರಿಯಲ್ಲ. ಹಲಸೂರಿನ ಸೋಮೇಶ್ವರ ದೇವಾಲಯ ದಂಡಿಗಿಂತ ಎಷ್ಟೋ ಹಳೆಯದು. ಇಂದಿನ ಇಂದಿರಾನಗರಕ್ಕೆ ತಗುಲಿದಂತಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಗೋಡೆಗಳಲ್ಲಿ ತಮಿಳು ಶಾಸನಗಳುಂಟು; ಬೆಂಗಳೂರಿನ ಹೆಸರನ್ನು ಹೊತ್ತ ಬೇಗೂರಿನ ವೀರಗಲ್ಲಿನಲ್ಲಿ ಕನ್ನಡವುಂಟು. ಈ ಸೀಮೆಯ ಜನ ಎಂದಿನಿಂದಲೂ ಒಂದಕ್ಕಿಂತ ಹೆಚ್ಚು ಮಾತುಗಳನ್ನು ಕೇಳುತ್ತಲೇ ಬದುಕಿದವರು. ಶಿವಾಜಿನಗರದ ಸಂತ ಮೇರಿಯ ಬಸಿಲಿಕಕ್ಕೆ ಸೆಪ್ಟೆಂಬರ್ 8ರ ಹಬ್ಬದ ದಿನ ಹೋಗಿ ನಿಂತರೆ ಇದು ಈಗಲೂ ತಿಳಿಯುತ್ತದೆ. ಕಾವಿಬಟ್ಟೆಯುಟ್ಟ ಹರಕೆಯವರು, ತೇರು, ತೇರಿನ ಹಿಂದೆ ಜನ; ಪ್ರಾರ್ಥನೆ ಒಂದು ಬಾಗಿಲಲ್ಲಿ ತಮಿಳಾಗಿ ಕೇಳಿಸಿದರೆ ಇನ್ನೊಂದರಲ್ಲಿ ಕನ್ನಡವಾಗಿ ಕೇಳಿಸುತ್ತದೆ. ರಸೆಲ್ ಮಾರುಕಟ್ಟೆಯ ಉರ್ದು ಅದಕ್ಕೆ ಕೂಗಳತೆಯ ದೂರದಲ್ಲಿದೆ.

ಇಂಥ ಊರಿನಲ್ಲಿ 1912ರಲ್ಲಿ ರಾಮಗೋಪಾಲ್ ಹುಟ್ಟಿದರು. ತಂದೆ ರಜಪೂತ ಮೂಲದ ಬ್ಯಾರಿಸ್ಟರು. ತಾಯಿ ಬರ್ಮಾ ದೇಶದವರು. ಅನುಕೂಲಸ್ಥ ಮನೆತನ. ಮಗನೂ ನ್ಯಾಯಶಾಸ್ತ್ರವನ್ನು ಓದಿ ತಮ್ಮಂತೆ ಕರಿಯ ನಿಲುವಂಗಿ ತೊಡಬೇಕೆಂಬುದು ತಂದೆಯ ಇಚ್ಛೆ. ಮಗನ ಮನಸ್ಸು ನೃತ್ಯದಲ್ಲಿ ನೆಟ್ಟಿತ್ತು. ಗಂಡುಮಕ್ಕಳು, ಅದರಲ್ಲಿಯೂ ಬ್ಯಾರಿಸ್ಟರ ಮಕ್ಕಳು, ಗೆಜ್ಜೆ ಕಟ್ಟಿ ರಂಗಕ್ಕೆ ಬರುವುದನ್ನು ಮರ್ಯಾದಸ್ಥ ಕುಟುಂಬಗಳು ಸಹಿಸದಿದ್ದ ಕಾಲವದು. ತಂದೆಯ ವಿರೋಧ ಒಂದು ಕಡೆಗಿದ್ದರೆ ಮೈಸೂರಿನ ಯುವರಾಜರ ಪ್ರೋತ್ಸಾಹ ಇನ್ನೊಂದು ಕಡೆಗೆ ದೊರೆಯಿತು. ಹುಡುಗ ನರ್ತಕನಾದ.

ಆಗ ಅವರ ಮುಂದಿದ್ದ ಪ್ರಶ್ನೆ ಯಾವುದು ಎಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ಊಹಿಸಿಕೊಳ್ಳಬೇಕು. ತಂಜಾವೂರಿನ ನಟ್ಟುವರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಯಾವ ನೃತ್ಯವನ್ನು ಕಲಿಯಬೇಕೆಂಬ ಸಂದೇಹವೇ ಏಳುವುದಿಲ್ಲ. ತೊಟ್ಟಿಲಲ್ಲಿದ್ದಾಗಲೇ ಅವನ ಕಿವಿಗೆ ಜತಿ ಬಿದ್ದಿರುತ್ತದೆ. ಕೇರಳದ ಕಥಕಳಿ ಕಲಾವಿದನ ಮಗನಿಗೂ ಅಷ್ಟೆ. ರಾಮಗೋಪಾಲರಿಗೆ ಅಂಥ ಆಸ್ತಿಯಿರಲಿಲ್ಲ. ತಂದೆಯ ಮೂಲ ಉತ್ತರದಲ್ಲಿ, ತಾಯಿಯ ತವರು ಸಮುದ್ರದಾಚೆ, ತಾವು ಹುಟ್ಟಿದುದು ಮೈಸೂರು ಸೀಮೆಯಲ್ಲಿ. ಇದು ನಿಮ್ಮ ಮನೆಯ ಕಲೆ ಎಂದು ಯಾರೂ ಅವರ ಕೈಗೆ ಏನನ್ನೂ ಇಡಲಿಲ್ಲ. ಹೀಗಾಗಿ ಅವರು ಎಲ್ಲವನ್ನೂ ಹುಡುಕಿಕೊಂಡು ಹೋಗಬೇಕಾಯಿತು. ಕೇರಳದಲ್ಲಿ ಕುಂಜು ಕುರುಪ್ಪರಂಥ ಮಹಾಕಲಾವಿದರ ಬಳಿ ಕಥಕಳಿಯನ್ನು ಕಲಿತರು. ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯಕ್ಕೆ ಶಿಷ್ಯರಾದರು. ಉತ್ತರದ ಕಥಕ್ ನೃತ್ಯವನ್ನು ಜೈಲಾಲ್ ಮಿಶ್ರ ಮತ್ತು ಸೋಹನ್‌ಲಾಲರಿಂದ ಪಡೆದರು. ಒಂದೊಂದು ಶೈಲಿಗೂ ಒಂದು ಜೀವಮಾನ ಸಾಲದು ಎನ್ನುವ ವಿದ್ಯೆಗಳಿವು. ಒಂದರಲ್ಲಿ ಮೊಣಕಾಲು ಬಾಗಿಸಿ ನೆಲಕ್ಕೆ ಇಳಿದು ನಿಲ್ಲಬೇಕು, ಮತ್ತೊಂದರಲ್ಲಿ ನೇರವಾಗಿ ನಿಂತು ಚಕ್ರದಂತೆ ಸುತ್ತಬೇಕು, ಇನ್ನೊಂದರಲ್ಲಿ ಕಣ್ಣುಗುಡ್ಡೆಗಳೇ ಕಥೆ ಹೇಳಬೇಕು. ಒಂದೇ ದೇಹಕ್ಕೆ ಇವೆಲ್ಲವನ್ನೂ ಕಲಿಸುವುದು ಎಷ್ಟು ಕಠಿನ ಎಂಬುದು ಯಾವುದಾದರೂ ಒಂದನ್ನು ಕಲಿಯಲು ಯತ್ನಿಸಿದವರಿಗೆ ಗೊತ್ತು.

ಅಮೆರಿಕದ ನರ್ತಕಿ ಲಾ ಮೆರಿ ಎಂಬವರು ಅವರನ್ನು ತಮ್ಮ ಜೊತೆಗೆ ಪೂರ್ವದೇಶಗಳ ಪ್ರವಾಸಕ್ಕೆ ಕರೆದೊಯ್ದರು. ಆ ಬಳಿಕ ರಾಮಗೋಪಾಲ್ ಸ್ವತಂತ್ರವಾಗಿ 1938ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿಯೂ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿಯೂ ನರ್ತಿಸಿದರು. ಪಶ್ಚಿಮದ ರಸಿಕರು ಅವರನ್ನು ಭಾರತದ ನಿಜಿನ್‌ಸ್ಕಿ ಎಂದು ಹೊಗಳಿದರು. ರಷ್ಯದ ಬ್ಯಾಲೆಯ ಕೀರ್ತಿಶಿಖರವೆನಿಸಿದ ಆ ನಿಜಿನ್‌ಸ್ಕಿ ಪೋಲೆಂಡಿನ ತಂದೆತಾಯಿಗಳಿಗೆ ಕೀವ್ ನಗರದಲ್ಲಿ ಹುಟ್ಟಿದವನು! ಹೋಲಿಸಿದವರು ಇದನ್ನು ನೆನೆದಿದ್ದರೋ ಇಲ್ಲವೋ. ಹೋಲಿಕೆ ಮಾತ್ರ ಚೆನ್ನಾಗಿ ಹೊಂದುತ್ತದೆ.

ರಾಮಗೋಪಾಲರ ನೃತ್ಯಗಳಲ್ಲಿ ಬಹಳ ಹೆಸರಾದುದು ಗರುಡನೃತ್ಯ. ತೋಳುಗಳಿಗೆ ಅಗಲವಾದ ರೆಕ್ಕೆಗಳು, ತಲೆಯ ಮೇಲೆ ಹೊಳೆಯುವ ಕಿರೀಟ. ಆ ವೇಷದ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಇದನ್ನು ನೋಡಿದಾಗ ಒಂದು ಸುಲಭವಾದ ಊಹೆ ಮನಸ್ಸಿಗೆ ಬರುತ್ತದೆ. ಗರುಡನು ನಮ್ಮ ಪುರಾಣಗಳಿಗೆ ಮಾತ್ರ ಸೇರಿದವನಲ್ಲ. ಬರ್ಮಾದಲ್ಲಿ ಅವನಿಗೆ ಗಲೋನ್ ಎಂದು ಹೆಸರು. ಸಯಾಮ್, ಜಾವಾ ದೇಶಗಳಲ್ಲಿಯೂ ಅವನು ಪೂಜ್ಯ. ಆ ನಾಡುಗಳ ನರ್ತಕರು ಮಿರುಗುವ ಕಿರೀಟಗಳನ್ನು ತೊಡುವುದೂ ಉಂಟು. ತಾಯಿಯ ರಕ್ತ ಮಗನ ರೆಕ್ಕೆಯಾಗಿ ಹೊರಬಂತು ಎಂದು ಬರೆದರೆ ವಾಕ್ಯ ಸೊಗಸಾಗುತ್ತದೆ. ಆದರೆ ಇಂಥ ವಾಕ್ಯಗಳಲ್ಲಿ ನನಗೆ ನಂಬಿಕೆ ಕಡಮೆ. ಮುದ್ರೆಯೂ ಹೆಜ್ಜೆಯೂ ರಕ್ತದಲ್ಲಿ ಹರಿದು ಬರುವುದಿಲ್ಲ. ಗುರುಗಳ ಮುಂದೆ ಬೆವರು ಸುರಿಸಿದ ವರ್ಷಗಳಿಂದ ಬರುತ್ತವೆ. ದಂಡುಪ್ರದೇಶದಲ್ಲಿ ಬೆರಕೆಯ ಮನೆಗಳು ನೂರಾರು ಇದ್ದವು, ರಾಮಗೋಪಾಲ್ ಒಬ್ಬರೇ.

ಹಾಗಾದರೆ ಮನೆತನದಿಂದ ಅವರಿಗೆ ದೊರೆತುದೇನು? ನನ್ನ ಮಟ್ಟಿಗೆ ಉತ್ತರ ಇದು: ಯಾವ ಗಡಿಯೂ ತನ್ನದಲ್ಲ ಎಂಬ ಭಯವಿಲ್ಲದ ಮನಸ್ಸು ದೊರೆಯಿತು. ಕಥಕಳಿ ಮಲೆಯಾಳಿಗಳದು, ಭರತನಾಟ್ಯ ತಮಿಳರದು, ಕಥಕ್ ಹಿಂದುಸ್ತಾನದವರದು ಎಂದು ಇತರರಿಗೆ ಕಾಣುತ್ತಿದ್ದ ಗೋಡೆಗಳು, ಊಟದ ಮನೆಯಲ್ಲಿಯೇ ಎರಡು ನಾಡುಗಳನ್ನು ಕಂಡ ಹುಡುಗನಿಗೆ ಅಷ್ಟು ಎತ್ತರವಾಗಿ ಕಾಣಲಿಲ್ಲ. ಅಂದು ಭರತನಾಟ್ಯವನ್ನು ರಂಗದ ಮೇಲೆ ನರ್ತಿಸುತ್ತಿದ್ದವರು ಬಹುಮಟ್ಟಿಗೆ ದೇವದಾಸಿ ಮನೆತನದ ಹೆಂಗಸರು. ಗಂಡಸರು ತಾಳ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಆ ರೂಢಿಯನ್ನು ಮೀರಿ ಒಬ್ಬ ಗಂಡಸು, ಅದೂ ಹೊರಗಿನವನು, ಪಿಳ್ಳೆಯವರ ಮುಂದೆ ಹೋಗಿ ನಿಲ್ಲಲು ಬೇಕಾದ ಧೈರ್ಯ ಸ್ವಲ್ಪಮಟ್ಟಿಗೆ ಹುಟ್ಟಿನಿಂದ ಬಂದಿರಬೇಕು. ಇನ್ನು ಸ್ವಲ್ಪ ತಂದೆಯ ಹಣದಿಂದಲೂ ಬಂದಿತ್ತು ಎಂಬುದನ್ನು ಮರೆಮಾಚಬಾರದು. ಹೊಟ್ಟೆಪಾಡಿನ ಚಿಂತೆಯಿದ್ದ ಮನೆಯ ಹುಡುಗ ಮೂರು ಪ್ರಾಂತಗಳ ಗುರುಗಳನ್ನು ಅರಸಿಕೊಂಡು ಅಲೆಯುವುದು ಸುಲಭವಲ್ಲ.

ಅವರ ವಿಷಯದಲ್ಲಿ ಆಕ್ಷೇಪಣೆಯೂ ಉಂಟು. ಒಂದೇ ಸಂಜೆಯಲ್ಲಿ ಅದಿಷ್ಟು ಇದಿಷ್ಟು ಎಂದು ಹಲವು ಶೈಲಿಗಳ ಚಿಕ್ಕ ಚಿಕ್ಕ ತುಣುಕುಗಳನ್ನು ಪೋಣಿಸಿ ವಿದೇಶೀಯರ ಕಣ್ಣಿಗೆ ಹಬ್ಬ ಮಾಡಿದರೆ ಒಂದೊಂದರ ಆಳವೂ ಕೆಡುವುದಿಲ್ಲವೇ ಎಂದು ಕೇಳಬಹುದು. ಈ ಮಾತನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಹಲವು ಮನೆಗಳ ಬಾಗಿಲು ತೆರೆದಿದ್ದವನಿಗೆ ಯಾವ ಮನೆಯಲ್ಲಿಯೂ ಬಹಳ ಹೊತ್ತು ಕೂರದಿರುವ ಚಾಪಲ್ಯ ಇರುತ್ತದೆ. ಆದರೆ ರಾಮಗೋಪಾಲ್ ಒಂದೊಂದು ಶೈಲಿಗೂ ಆ ಕಾಲದ ಶ್ರೇಷ್ಠ ಗುರುಗಳನ್ನೇ ಆರಿಸಿಕೊಂಡರು ಎಂಬುದನ್ನು ಮರೆಯಲಾಗದು. ಬೆರಕೆಗೂ ಕಲಬೆರಕೆಗೂ ವ್ಯತ್ಯಾಸವಿದೆ. ಹಾಲಿಗೆ ನೀರು ಬೆರೆಸುವುದು ಒಂದು ಬಗೆ. ಕೂರಿಗೆಯ ಸಾಲಿನಲ್ಲಿ ರಾಗಿಯ ಜೊತೆಗೆ ಅವರೆ, ಸಾಸಿವೆಗಳನ್ನು ಬಿತ್ತುವ ರೈತನದು ಇನ್ನೊಂದು ಬಗೆ. ಎರಡನೆಯದರಲ್ಲಿ ಪ್ರತಿಯೊಂದು ಬೆಳೆಗೂ ತನ್ನ ಕಾಲ, ತನ್ನ ಆರೈಕೆ ಸಲ್ಲುತ್ತದೆ.

ಇನ್ನು ಆಕ್ಷೇಪಿಸುವವರು ಶುದ್ಧವೆಂದು ಎತ್ತಿಹಿಡಿಯುವ ಪರಂಪರೆಯ ಕಥೆಯನ್ನಾದರೂ ನೋಡೋಣ. ಇಂದಿನ ಭರತನಾಟ್ಯದ ಕಛೇರಿಗೆ ರೂಪು ಕೊಟ್ಟವರು ತಂಜಾವೂರಿನ ನಾಲ್ವರು ಸಹೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಮೀನಾಕ್ಷಿಸುಂದರಂ ಪಿಳ್ಳೆಯವರು ಇವರ ವಂಶಕ್ಕೆ ಸೇರಿದವರು. ಈ ಸಹೋದರರು ತಮಿಳರು. ಅವರಿಗೆ ಆಶ್ರಯವಿತ್ತ ಸರಫೋಜಿ ದೊರೆ ಮರಾಠಿ ಮನೆತನದವನು. ಅವರು ರಚಿಸಿದ ವರ್ಣಗಳಲ್ಲಿ ಬಹುಪಾಲು ತೆಲುಗು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಕಿರಿಯರಾದ ವಡಿವೇಲು ತಿರುವಾಂಕೂರಿಗೆ ಹೋದರು. ಮರಾಠಿ ದೊರೆ, ತಮಿಳು ಗುರು, ತೆಲುಗು ಹಾಡು, ಕನ್ನಡದ ಆಸ್ಥಾನ! ರಾಮಗೋಪಾಲರ ಮನೆಗಿಂತ ಇದು ಯಾವ ವಿಧದಲ್ಲಿ ಕಡಮೆ ಬೆರಕೆ? ಹಳೆಯದಾದ ಬೆರಕೆಯನ್ನು ನಾವು ಶುದ್ಧವೆಂದು ಕರೆಯುತ್ತೇವೆ; ಹೊಸದಾದರೆ ಮೂಗು ಮುರಿಯುತ್ತೇವೆ. ಇಷ್ಟೇ ಭೇದ.

ಮನೆತನವು ಕಲಾವಿದನಿಗೆ ಕೊಡುವುದರ ಮಾತಾಯಿತು. ಅದು ಕಿತ್ತುಕೊಳ್ಳುವುದೂ ಉಂಟು. ಬೆಂಗಳೂರು ಎಂಬ ಊರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ್ದ ನಾಗರತ್ನಮ್ಮನವರ ಬಾಳು ಇದಕ್ಕೆ ನಿದರ್ಶನ. ಅವರು 1878ರಲ್ಲಿ ನಂಜನಗೂಡಿನಲ್ಲಿ ಪುಟ್ಟಲಕ್ಷ್ಮಿ ಎಂಬ ದೇವದಾಸಿಯ ಮಗಳಾಗಿ ಹುಟ್ಟಿದರು. ಸಂಗೀತ, ನೃತ್ಯ, ಸಂಸ್ಕೃತ, ತೆಲುಗು ಇವೆಲ್ಲ ಅವರಿಗೆ ದೊರೆತುದು ಆ ಹುಟ್ಟಿನಿಂದಲೇ. ಅಂದಿನ ಗೃಹಸ್ಥರ ಮನೆಯ ಹೆಣ್ಣುಮಕ್ಕಳಿಗೆ ಈ ವಿದ್ಯೆಗಳು ಕನಸಿನ ಮಾತು. ಆದರೆ ಅದೇ ಹುಟ್ಟು ಅವರಿಗೆ ಕಳಂಕವೂ ಆಯಿತು. ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿ ನಿಲ್ಲಿಸಿತು. ಮದರಾಸಿನಲ್ಲಿ ಆ ಪದ್ಧತಿಯನ್ನು ರದ್ದುಪಡಿಸುವ ಕಾನೂನು 1947ರಲ್ಲಿ ಬಂತು. ಶೋಷಣೆಯನ್ನು ತಡೆಯಲು ಇಂಥ ಕ್ರಮ ಅಗತ್ಯವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಬ್ಯಾರಿಸ್ಟರ ಮಗ ಮನೆತನವನ್ನು ಧಿಕ್ಕರಿಸಿ ಯಾವ ಕಲೆಯನ್ನು ಕೈಗೊಂಡು ಕೀರ್ತಿ ಪಡೆದರೋ ಅದೇ ಕಲೆಯನ್ನು ಮನೆತನದಿಂದ ಪಡೆದ ಹೆಣ್ಣುಮಕ್ಕಳು ಅದೇ ವರ್ಷಗಳಲ್ಲಿ ರಂಗದಿಂದ ಮರೆಯಾದರು. ಈ ವೈಪರೀತ್ಯವನ್ನು ನೆನೆಯದೆ ನೃತ್ಯದ ಪುನರುಜ್ಜೀವನದ ಕಥೆಯನ್ನು ಹೇಳುವುದು ನ್ಯಾಯವಲ್ಲ.

ನಾಗರತ್ನಮ್ಮನವರು ಸುಮ್ಮನೆ ಕೂರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ರಚಿಸಿದ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಅವರ ಕೈಗೆ ಬಂದಿತು. ಮೊದಲು ಅಚ್ಚಾಗಿದ್ದ ಪ್ರತಿಯಲ್ಲಿ ಹಲವು ಪದ್ಯಗಳನ್ನು ಬಿಟ್ಟಿದ್ದರು. ಅಷ್ಟೇ ಅಲ್ಲ, ಕವಯಿತ್ರಿ ತನ್ನ ಮನೆತನದ ಹಿರಿಯರನ್ನು ಪರಿಚಯಿಸಿಕೊಂಡಿದ್ದ ಪೀಠಿಕೆಯನ್ನೂ ಕೈಬಿಟ್ಟಿದ್ದರು. ಕಾವ್ಯ ಬೇಕು, ಕವಿಯ ಕುಲ ಬೇಡ ಎಂಬ ಧೋರಣೆ ಇದು. ನಾಗರತ್ನಮ್ಮನವರು ತಾಳೆಯೋಲೆಯ ಮೂಲವನ್ನು ನೋಡಿ 1910ರಲ್ಲಿ ಕಾವ್ಯವನ್ನು ಪೂರ್ಣವಾಗಿ ಪ್ರಕಟಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ಆ ನಿಷೇಧ ತೆರವಾದುದು ಸ್ವಾತಂತ್ರ್ಯ ಬಂದ ಕಾಲಕ್ಕೆ. ಕನ್ನಡ ಸೀಮೆಯ ಹೆಣ್ಣುಮಗಳು ತೆಲುಗು ಕಾವ್ಯಕ್ಕಾಗಿ ಹೋರಾಡಿದುದು, ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದುದು, ಇವುಗಳನ್ನು ‘ಅವರು ಯಾವ ಕಡೆಯವರು?’ ಎಂಬ ಪ್ರಶ್ನೆಯಿಂದ ಅಳೆಯಲು ಹೇಗೆ ಸಾಧ್ಯ?

ಸಾಹಿತ್ಯದ ಕಡೆಗೆ ತಿರುಗಿದರೆ ನಮ್ಮ ನಾಡಿನ ಸ್ಥಿತಿ ಇನ್ನೂ ವಿಚಿತ್ರ. ‘ಕನ್ನಡದ ಆಸ್ತಿ’ ಎಂದೇ ಹೆಸರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ದ. ರಾ. ಬೇಂದ್ರೆಯವರದು ಮರಾಠಿ. ಗಿರೀಶ ಕಾರ್ನಾಡರದು ಕೊಂಕಣಿ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿ ಭೂವಿಜ್ಞಾನವನ್ನು ಬೋಧಿಸುತ್ತಿದ್ದ ಕೆ. ಎಸ್. ನಿಸಾರ್ ಅಹಮದ್ ಅವರ ಮನೆಮಾತು ಉರ್ದು. ಇವರಲ್ಲಿ ಯಾರೂ ಮನೆಯ ಮಾತನ್ನು ಬಿಟ್ಟು ಕನ್ನಡಕ್ಕೆ ಬಂದವರಲ್ಲ; ಅದನ್ನು ಹೊತ್ತುಕೊಂಡೇ ಬಂದವರು. ಎರಡು ಮಾತುಗಳ ನಡುವೆ ಬೆಳೆದವನು ಒಂದು ಶಬ್ದವನ್ನು ಬಳಸುವ ಮುನ್ನ ಅರೆಕ್ಷಣ ನಿಲ್ಲುತ್ತಾನೆ. ಇದಕ್ಕೆ ಅಲ್ಲಿ ಏನನ್ನುತ್ತಾರೆ, ಇಲ್ಲಿ ಏನನ್ನುತ್ತಾರೆ ಎಂದು ಅವನ ಒಳಗಿವಿ ಕೇಳುತ್ತಿರುತ್ತದೆ. ನೀರಿನಲ್ಲಿರುವ ಮೀನಿಗೆ ನೀರಿನ ಅರಿವಿಲ್ಲವೆನ್ನುತ್ತಾರಲ್ಲ. ದಡಕ್ಕೂ ಬಂದು ಹೋಗುವ ಪ್ರಾಣಿಗೆ ಆ ಅರಿವು ಚೆನ್ನಾಗಿರುತ್ತದೆ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ವಿಷಯವೂ ಇಂಥದೇ. ಮನೆಯಲ್ಲಿ ದಖನಿ ಉರ್ದು; ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿದ ಬಾಲಕಿ ಅವರು. ಅವರ ಕಥೆಗಳ ಕನ್ನಡದೊಳಗೆ ದಖನಿ, ಅರಬ್ಬಿ ಶಬ್ದಗಳು ಅತಿಥಿಗಳಂತೆ ಅಲ್ಲ, ಮನೆಮಂದಿಯಂತೆ ಓಡಾಡುತ್ತವೆ. ಉರ್ದುವಿನ ಕಡೆಗೂ ಒಂದು ಮಾತನ್ನು ಸೇರಿಸಬೇಕು. ಉರ್ದು ಸಣ್ಣಕಥೆ ಮತ್ತು ವಿಮರ್ಶೆಯಲ್ಲಿ ದೊಡ್ಡ ಹೆಸರಾದ ಮುಮ್ತಾಜ್ ಶೀರೀನ್ ಮೈಸೂರು ಸೀಮೆಯಲ್ಲಿ ಬೆಳೆದವರು. 1944ರಲ್ಲಿ ಪತಿಯೊಡನೆ ‘ನಯಾ ದೌರ್’ ಎಂಬ ಪತ್ರಿಕೆಯನ್ನು ಬೆಂಗಳೂರಿನಿಂದಲೇ ಆರಂಭಿಸಿದರು. ಮುಂದೆ ಮಹಮೂದ್ ಅಯಾಜ್ ಅವರ ‘ಸೌಗಾತ್’ ಪತ್ರಿಕೆ ಇಲ್ಲಿಂದ ಹೊರಟು ಉರ್ದು ಬಲ್ಲ ನಾಡುಗಳಲ್ಲೆಲ್ಲ ಓದುಗರನ್ನು ಪಡೆಯಿತು. ಇವು ಬೆಂಗಳೂರಿನ ಸಾಹಿತ್ಯವೇ ಆದರೂ ಕನ್ನಡದ ವಿದ್ಯಾರ್ಥಿಗಳ ಕಿವಿಗೆ ಇವುಗಳ ಹೆಸರು ಬೀಳುವುದು ಅಪರೂಪ.

ಒಬ್ಬರ ಮನೆತನದಲ್ಲಿ ಬೆರೆಯದುದು ಹಲವರ ಕೂಟದಲ್ಲಿ ಬೆರೆಯುವುದೂ ಉಂಟು. 1970ರಲ್ಲಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ‘ಸಂಸ್ಕಾರ’. ಕಥೆ ಯು. ಆರ್. ಅನಂತಮೂರ್ತಿಯವರದು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನ ತೆಲುಗು ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಸಂಗೀತ ರಾಜೀವ ತಾರಾನಾಥರದು. ಮುಖ್ಯ ಪಾತ್ರಗಳಲ್ಲಿ ಕಾರ್ನಾಡರೂ ಲಂಕೇಶರೂ ಇದ್ದರು. ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ಕ್ರೈಸ್ತಮತವನ್ನು ಸ್ವೀಕರಿಸಿದ್ದ ಭಾರತೀಯ ಕುಟುಂಬದಲ್ಲಿ ಹುಟ್ಟಿದವರು. ವಸಾಹತುಶಾಹಿಯನ್ನು ಒಪ್ಪದ ಅವರು ಭಾರತೀಯ ಹೆಸರನ್ನು ಆರಿಸಿಕೊಂಡು ಭಾರತೀಯ ಉಡುಗೆಯನ್ನೇ ಉಟ್ಟರು. ಮನೆತನವನ್ನು ಮುಂದುವರಿಸುವುದು ಒಂದು ಬಗೆಯಾದರೆ ಅದರೊಡನೆ ವಾದಿಸುವುದು ಇನ್ನೊಂದು ಬಗೆ. ಎರಡೂ ಅದರ ಋಣವೇ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದಿಂದ ಬಳಲಿದ ಆ ಕಲಾವಿದೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬ್ರಾಹ್ಮಣ ಅಗ್ರಹಾರದ ಕಥೆಯನ್ನು ಇಷ್ಟು ದಿಕ್ಕುಗಳ ಜನ ಕೂಡಿ ಕನ್ನಡದಲ್ಲಿ ಹೇಳಿದರಲ್ಲ. ಒಳಗಿನವರಷ್ಟೇ ಸೇರಿ ತೆಗೆದಿದ್ದರೆ ಚಿತ್ರಕ್ಕೆ ಆ ನಿಷ್ಠುರವಾದ ಕಣ್ಣು ಇರುತ್ತಿತ್ತೆಂದು ನನಗೆ ತೋರುವುದಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವುಂಟು. ಇಂದು ಕೃಷ್ಣರಾಜಪುರದ ಕಡೆಯ ಶಾಲೆಗಳಲ್ಲಿ, ಹಲಸೂರು, ಶಿವಾಜಿನಗರಗಳ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಮಕ್ಕಳ ಮನೆಮಾತು ಒಂದೇ ಆಗಿರುವುದಿಲ್ಲ. ಕಲಬುರಗಿ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ತಮಿಳು, ತೆಲುಗು, ಉರ್ದು ಮನೆಗಳ ಮಕ್ಕಳಿದ್ದಾರೆ. ಬಿಹಾರ, ಬಂಗಾಳ, ನೇಪಾಳಗಳಿಂದ ಬಂದವರ ಮಕ್ಕಳಿದ್ದಾರೆ. ಅವರಲ್ಲಿ ಒಬ್ಬ ಹುಡುಗಿ ಕನ್ನಡದಲ್ಲಿ ಪದ್ಯ ಬರೆದು ತಂದಾಗ, ‘ನಿನ್ನ ಮನೆಯಲ್ಲಿ ಕನ್ನಡ ಮಾತನಾಡುವುದಿಲ್ಲವಲ್ಲ, ಇದನ್ನು ಯಾರು ಬರೆದುಕೊಟ್ಟರು?’ ಎಂದು ಯಾರಾದರೂ ಕೇಳಿದರೆ ಆ ಪದ್ಯ ಅಲ್ಲಿಗೇ ನಿಲ್ಲಬಹುದು. ಮಾಸ್ತಿಯವರನ್ನು ಯಾರೂ ಹಾಗೆ ಕೇಳಿ ತಡೆಯಲಿಲ್ಲವೆಂಬುದು ನಮ್ಮ ಪುಣ್ಯ. ಇದಕ್ಕೆ ಎದುರಾದ ತಪ್ಪೂ ಇದೆ. ‘ನಿನ್ನದು ನೇಪಾಳ, ನೀನು ನೇಪಾಳಿ ಕುಣಿತವನ್ನೇ ಮಾಡು’ ಎಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಗುವನ್ನು ಅದರ ಹುಟ್ಟಿಗೆ ಕಟ್ಟಿಹಾಕುವುದು. ಆ ಮಗುವಿಗೆ ಡೊಳ್ಳು ಬಡಿಯುವ ಆಸೆಯಿರಬಹುದು! ರಾಮಗೋಪಾಲರನ್ನು ಯಾರಾದರೂ ಬರ್ಮಾದ ನೃತ್ಯಕ್ಕೆ ಮಾತ್ರ ಮೀಸಲಿಟ್ಟಿದ್ದರೆ ನಮಗೆ ಅವರ ಗರುಡ ದೊರೆಯುತ್ತಿರಲಿಲ್ಲ.

ಅವರ ಮುಂದಿನ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಯುದ್ಧಕಾಲದಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿನಲ್ಲಿ ನೃತ್ಯ ಕಲಿಸಿದರು. ಆ ದಿನಗಳಲ್ಲಿ ಅವರೊಡನೆ ನರ್ತಿಸಿದವರಲ್ಲಿ ಮೃಣಾಲಿನಿ ಸ್ವಾಮಿನಾಥನ್ ಒಬ್ಬರು. ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ನಡೆಸುತ್ತಿದ್ದ ಗುಜರಾತಿ ತರುಣ ವಿಕ್ರಮ್ ಸಾರಾಭಾಯಿಯವರನ್ನು ಆಕೆ ಮದುವೆಯಾಗಿ ಅಹಮದಾಬಾದಿಗೆ ಹೋದರು. ಅಲ್ಲಿ 1949ರಲ್ಲಿ ‘ದರ್ಪಣ’ ಎಂಬ ಕಲಾಶಾಲೆಯನ್ನು ತೆರೆದರು. ರಾಮಗೋಪಾಲ್ ಮತ್ತೆ ವಿದೇಶಕ್ಕೆ ಹೋಗಿ ಹೆಚ್ಚಾಗಿ ಇಂಗ್ಲೆಂಡಿನಲ್ಲಿ ನೆಲೆಸಿದರು. ಷಹಜ಼ಹಾನನ ಕಥೆಯನ್ನು ತಾಜಮಹಲಿನ ನೃತ್ಯನಾಟಕವಾಗಿಸಿದರು. 1954ರ ‘ದಿ ಪರ್ಪಲ್ ಪ್ಲೇನ್’ ಎಂಬ ಆಂಗ್ಲ ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ವಹಿಸಿದರು. ಆ ಚಿತ್ರದ ಕಥೆ ನಡೆಯುವುದು ಅವರ ತಾಯಿಯ ನಾಡಾದ ಬರ್ಮಾದಲ್ಲಿ, ಚಿತ್ರಣ ನಡೆದುದು ಸಿಂಹಳದಲ್ಲಿ. 1957ರಲ್ಲಿ ಆತ್ಮಕಥೆ ಹೊರಬಂತು. 1960ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೋವಾ ರಾಧೆಯಾಗಿ, ಅವರು ಕೃಷ್ಣನಾಗಿ ನರ್ತಿಸಿದರು. ರಷ್ಯದ ಹೆಸರಿನ ಆ ರಾಧೆ ಲಂಡನ್ನಿನಲ್ಲಿ ಹುಟ್ಟಿದ ಲಿಲಿಯನ್ ಮಾರ್ಕ್ಸ್.

ಸಂಗೀತ ನಾಟಕ ಅಕಾಡೆಮಿ 1990ರಲ್ಲಿ ಅವರಿಗೆ ಫೆಲೋಷಿಪ್ ನೀಡಿ ಗೌರವಿಸಿತು. 1999ರಲ್ಲಿ ಬ್ರಿಟಿಷ್ ಸರ್ಕಾರದ ಬಿರುದೂ ಬಂತು. 2003ರ ಅಕ್ಟೋಬರ್ 12ರಂದು ಅವರು ಇಂಗ್ಲೆಂಡಿನಲ್ಲಿ ಕಣ್ಮುಚ್ಚಿದರು. ಹಲಸೂರಿನ ಕೆರೆಯ ದಡದಲ್ಲಿ 2009ರ ಆಗಸ್ಟಿನಲ್ಲಿ ತಮಿಳಿನ ತಿರುವಳ್ಳುವರ ಪ್ರತಿಮೆಯನ್ನು ಅನಾವರಣ ಮಾಡಿದರು. ಅದೇ ವಾರ ನಮ್ಮ ಸರ್ವಜ್ಞನ ಪ್ರತಿಮೆ ಚೆನ್ನೈಯಲ್ಲಿ ನಿಂತಿತು. ಅದಕ್ಕಾಗಿ ಎರಡು ನಾಡುಗಳು ಹಲವು ವರ್ಷ ಜಗಳವಾಡಿದ್ದವು. ರಾಮಗೋಪಾಲರಿಗೆ ಪ್ರತಿಮೆ ಬೇಕೆಂದು ನಾನು ಹೇಳುತ್ತಿಲ್ಲ. ಹೆಜ್ಜೆಯ ಮಾಯೆಯಿಂದ ಕ್ಷಣಕ್ಕೊಂದು ರೂಪ ತಾಳುತ್ತಿದ್ದವರನ್ನು ಕಲ್ಲಿನಲ್ಲಿ ನಿಲ್ಲಿಸುವುದು ಅಷ್ಟು ಒಪ್ಪುವುದೂ ಇಲ್ಲ. ಅವರು ಹುಟ್ಟಿದ ಊರಿನಲ್ಲಿ ಇಂದು ನೃತ್ಯ ಕಲಿಯುತ್ತಿರುವ ಗಂಡುಮಕ್ಕಳಿಗೆ, ನಿಮ್ಮ ಹಿರಿಯನೊಬ್ಬ ಇಲ್ಲಿಯೇ ಇದ್ದ ಎಂದು ಯಾರಾದರೂ ತಿಳಿಸಿದರೆ ಸಾಕು.